ಕೊಟ್ಟೂರಪ್ಪನ ಮೌನಾನುಷ್ಠಾನ

ಎಲ್ಲವೂ ಕೆಟ್ಟದ್ದು ಒಂದು ಸೀನಿನಿಂದ.

ಸಿರಿಗೇರಿಯ ಕೊಟ್ಟೂರಪ್ಪ ಬಳ್ಳಾರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ. ಬಿಳಿ ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಒಗೆದ ಟವೆಲು. ಶ್ರಾವಣ ಸೋಮವಾರ, ಅದರಲ್ಲೂ ದವಾಖಾನೆಗೆ ಹೋಗುವ ದಿನ ಎಂದು ಹೆಂಡತಿ ಬೆಳಿಗ್ಗೆಯೇ ತಲೆಗೆ ನೀರು ಹಾಕಿಸಿ, ಎಂದಿಗಿಂತ ದಪ್ಪಗೆ ವಿಭೂತಿ ಬಳಿದು ಕಳಿಸಿದ್ದಳು. ಬಸ್ಸು ಕುರುಗೋಡಿನ ಹತ್ತಿರ ಬಂದಾಗ ಕೋಲ್ಡ್ ಸ್ಟೋರೇಜಿನಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಟ್ರ್ಯಾಕ್ಟರೊಂದು ಪಕ್ಕಕ್ಕೆ ಬಂತು. ಗಾಳಿ ಬೀಸಿತು. ಬಸ್ಸಿಗೆ ಬಸ್ಸೇ ಸೀನಿತು. ಉಳಿದವರು ಮೂಗು ಒರೆಸಿಕೊಂಡು ಸುಮ್ಮನಾದರು. ಕೊಟ್ಟೂರಪ್ಪನ ಮೊದಲ ಸೀನಿಗೆ ಮೇಲಿನ ಹಲ್ಲಿನ ಸೆಟ್ಟು ಕಿಟಕಿಯಿಂದ ಆಚೆ ಹಾರಿತು. ಅದನ್ನು ನೋಡಲೆಂದು ಕತ್ತು ಹೊರಗೆ ಚಾಚಿದಾಗ ಬಂದ ಎರಡನೆಯ ಸೀನಿಗೆ ಕೆಳಗಿನದೂ ಅದರ ಬೆನ್ನು ಹತ್ತಿತು.

ದೇವರು ಕೊಟ್ಟ ಹಲ್ಲಿಗೆ ಬೇರಿರುತ್ತದೆ. ಡಾಕ್ಟರು ಕೊಟ್ಟದ್ದಕ್ಕೆ ಬರೀ ನಂಬಿಕೆ.

ಕೊಟ್ಟೂರಪ್ಪ ಬಸ್ ಕಂಡಕ್ಟರಾಗಿ ರಿಟೈರ್ ಆದವನು. ಸಿರುಗುಪ್ಪ ಡಿಪೋದಲ್ಲಿ ಅವನ ಗಂಟಲಿನ ಮುಂದೆ ಹಾರ್ನು ಸಣ್ಣದಾಗುತ್ತಿತ್ತು. ಒಸಡು ಕೀವು ಕಟ್ಟಿ, ಹಲ್ಲುಗಳು ಸಂತೆಯ ದಿನದ ಬಸ್ಸಿನಲ್ಲಿ ನಿಂತ ಮಂದಿಯಂತೆ ಒಂದರ ಮೇಲೊಂದು ವಾಲತೊಡಗಿದಾಗ, ಬಳ್ಳಾರಿಯ ಕೌಲ್ ಬಜಾರಿಗೆ ತಿಂಗಳಿಗೊಮ್ಮೆ ಬಂದುಹೋಗುವ ಹಲ್ಲಿನ ಡಾಕ್ಟರು ಗವಿಸಿದ್ದೇಶ್ ಎಲ್ಲವನ್ನೂ ಇಳಿಸಿಬಿಟ್ಟರು. ದವಡೆ ಮಾಗುವ ತನಕ ಹಾಕಿಕೊಳ್ಳಲು ಒಂದು ಸೆಟ್ಟು ಕೊಟ್ಟರು. ಮಾಗಿದ ಮೇಲೆ ಮೂಳೆಗೇ ಸ್ಕ್ರೂ ಕೂಡಿಸಿ, ಅದರ ಮೇಲೆ ಅಲುಗದ ಹಲ್ಲು ಇಡುತ್ತೇನೆ, ಇಂಪ್ಲಾಂಟ್ ಅಂತಾರೆ ಅದಕ್ಕೆ, ಆಮೇಲೆ ಕಬ್ಬು ಸಿಗಿದು ತಿನ್ನಿ ಎಂದಿದ್ದರು.

ಆ ಸೆಟ್ಟಿಗೆ ತನ್ನದೇ ಬುದ್ಧಿ ಇತ್ತು. ಕೊಟ್ಟೂರಪ್ಪ ಮಾತು ನಿಲ್ಲಿಸಿದ ಮೇಲೂ ಅದು ಒಂದೆರಡು ಸಲ ಕಟಕಟ ಅಂದು ಸುಮ್ಮನಾಗುತ್ತಿತ್ತು. ಯುಗಾದಿಯಿಂದ ಈಚೆ ಅವನು ನುಚ್ಚು, ಗಂಜಿ, ಹಾಲಲ್ಲಿ ನೆನೆದು ಬಟ್ಟೆಯಂತಾದ ರೊಟ್ಟಿ ನುಂಗಿ ಬದುಕಿದ್ದ. ಪಕ್ಕದ ಮನೆಯಲ್ಲಿ ಯಾರಾದರೂ ಖಡಕ್ ರೊಟ್ಟಿ ಮುರಿದರೆ ಆ ಸದ್ದಿಗೇ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಸ್ಕ್ರೂ ಕೂಡಿಸುವ ದಿನ ಈ ಸೋಮವಾರ. ಮಧ್ಯಾಹ್ನದೊಳಗೆ ಹೋದರೆ ಡಾಕ್ಟರ ಕುರ್ಚಿ ಅವನದು. ತಪ್ಪಿದರೆ ಮುಂದಿನ ಪಾಳಿ ದೀಪಾವಳಿ ಕಳೆದ ಮೇಲೆ.

ಗಾಯ ಮಾಗುವ ತನಕ ಮತ್ತೆ ಅದೇ ಸೆಟ್ಟನ್ನು ತಿದ್ದಿ ಹಾಕಬೇಕು, ಮರೆಯದೆ ತರಬೇಕು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಕೊಟ್ಟೂರಪ್ಪ ಬಾಯಿಗೆ ಟವೆಲು ಒತ್ತಿಕೊಂಡು ಬಸ್ಸಿನ ತಗಡನ್ನು ಅಂಗೈಯಲ್ಲಿ ಬಡಿದ. ಡ್ರೈವರ್ ರೂಢಿಯ ಮೇಲೆ ಬ್ರೇಕ್ ಹಾಕಿದ. ಇಳಿದು ನಾಲ್ಕು ಹೆಜ್ಜೆ ಓಡಿದ ಮೇಲೆ ನೆನಪಾಯಿತು, ಚಪ್ಪಲಿಯೂ ಫೋನಿದ್ದ ಚೀಲವೂ ಸೀಟಿನ ಕೆಳಗೇ ಉಳಿದಿವೆ. ತಿರುಗಿ ನೋಡಿದರೆ ಬಸ್ಸಿನ ಹಿಂದಿನ ಧೂಳು ಮಾತ್ರ ಕಂಡಿತು.

ಬರಿಗಾಲಲ್ಲಿ, ಬಾಯಿಗೆ ಟವೆಲು ಕಟ್ಟಿಕೊಂಡು, ನೆಲವನ್ನೇ ನೋಡುತ್ತ ಅವನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ಒಂದು ಹೆಜ್ಜೆ ಇಡುವುದು, ಬಗ್ಗಿ ನೋಡುವುದು, ಕಲ್ಲು ಸರಿಸುವುದು, ಮತ್ತೊಂದು ಹೆಜ್ಜೆ ಇಡುವುದು. ಶ್ರಾವಣ ಸೋಮವಾರ ದೊಡ್ಡಬಸವೇಶ್ವರನ ಗುಡಿಗೆ ಹೊರಟ ಮಂದಿ ರಸ್ತೆ ತುಂಬ ಇದ್ದರು. ಹಣೆ ತುಂಬ ವಿಭೂತಿ ಧರಿಸಿದ ಹಿರಿಯನೊಬ್ಬ ಹೀಗೆ ನೆಲ ಕಾಯುತ್ತ ಬರುವುದನ್ನು ಕಂಡು ಹೆಂಗಸರು ನಿಂತರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದಳು.

“ಇರಿವಿ ತುಳೀಬಾರದಂತ ನೋಡಿ ನೋಡಿ ನಡ್ಯಾಕತ್ಯಾರ ನೋಡವಾ.”

ವಾಲ್ಮೀಕಿ ಎಂಬ ಆಟೋದವನು ಗಾಡಿ ನಿಲ್ಲಿಸಿ, ಯಜಮಾನರಿಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿದ. ಬಾಯಿ ತೆಗೆದು ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದು ಕುರುಗೋಡು, ಕೊಟ್ಟೂರಪ್ಪನ ಮಗಳು ಸುನಂದಾಳನ್ನು ಕೊಟ್ಟ ಊರು. ಮಗಳ ಅತ್ತೆ ಚನ್ನವೀರಮ್ಮನಿಗೆ ಈ ಊರಿನಲ್ಲಿ ಗೊತ್ತಿಲ್ಲದವರಿಲ್ಲ. ಹೋದ ವರ್ಷ ಬಸುರಿ ಮಗಳ ಕುಬಸದ ಊಟದಲ್ಲಿ, ಇಡೀ ಪಂಕ್ತಿಯ ಎದುರು, ಜೋಳದ ತೆನೆಯಂಥ ತನ್ನ ಹಲ್ಲಿನ ಸಾಲು ತೋರಿಸಿ ಆಕೆ ಒಂದು ಮಾತು ಹೇಳಿದ್ದಳು. “ಬಾಯಿ ಶುದ್ಧ ಇದ್ದೋರ ಹಲ್ಲು ಬೀಳಂಗಿಲ್ರಿ ಬೀಗರೇ. ಸುಳ್ಳು ಆಡೋರವು ಮೊದಲು ಉದುರ್ತಾವು.” ಆಗ ಕೊಟ್ಟೂರಪ್ಪನ ಮುಂದಿನದೊಂದು ಅಲುಗುತ್ತಿತ್ತು. ಆ ಮಾತಿಗೆ ಅಂಜಿ, ಹಲ್ಲು ಕೀಳಿಸಿದ ಸಂಗತಿಯನ್ನು ಅವನು ಮಗಳಿಗೂ ತಿಳಿಸದೆ ಕಾಪಾಡಿಕೊಂಡು ಬಂದಿದ್ದ. ಈಗ ನಡುರಸ್ತೆಯಲ್ಲಿ ಬೊಚ್ಚುಬಾಯಿ ತೆರೆಯುವುದುಂಟೇ? ಟವೆಲಿನ ಮೇಲೆ ಬೆರಳಿಟ್ಟು, ಕೈ ಅಲ್ಲಾಡಿಸಿದ.

ವಾಲ್ಮೀಕಿ ಆಟೋದಿಂದ ಇಳಿದು ಚಪ್ಪಲಿ ಬಿಟ್ಟು ಕೈ ಮುಗಿದ. “ಮೌನದಾಗ ಅದಾರ,” ಎಂದು ಸುತ್ತಲಿನವರಿಗೆ ಮೆಲ್ಲಗೆ ತಿಳಿಸಿದ.

ಅಷ್ಟು ಹೊತ್ತಿಗೆ ಕೊಟ್ಟೂರಪ್ಪನಿಗೆ ಸೆಟ್ಟು ಕಂಡಿತು. ಮೇಲಿನದೂ ಕೆಳಗಿನದೂ ರಸ್ತೆಯ ಅಂಚಿನ ಜಲ್ಲಿಯಲ್ಲಿ ಅಕ್ಕಪಕ್ಕ ಬಿದ್ದು, ಬಿಸಿಲಿಗೆ ನಗುತ್ತಿದ್ದವು. ಅವನು ಮೊಣಕಾಲೂರಿ ಎರಡೂ ಕೈ ಮುಂದೆ ಚಾಚಿದ. ಹರಕೆ ಹೊತ್ತವರು ಉದ್ದಕ್ಕೆ ಮಲಗಿ ಏಳುತ್ತ ಗುಡಿಯ ತನಕ ದೀಡ ನಮಸ್ಕಾರ ಹಾಕುವುದು, ಅವರ ಮೈ ಸುಡದಿರಲೆಂದು ಹೆಂಗಸರು ಕೊಡ ಕೊಡ ನೀರು ತಂದು ಸುರಿಯುವುದು ಅಲ್ಲಿ ನಡೆದುಬಂದ ಪದ್ಧತಿ. ಹಿರಿಯರು ನಮಸ್ಕಾರಕ್ಕೆ ಬಾಗಿದರು ಎಂದು ಎದುರು ಮನೆಯಾಕೆ ತುಂಬಿದ ಕೊಡ ತಂದು ಸುರಿದಳು. ಅವಳ ನೆರೆಯವಳು ಸುಮ್ಮನಿದ್ದಾಳೆಯೇ? ಅವಳೂ ಸುರಿದಳು. ಪುಣ್ಯದಲ್ಲಿ ಹಿಂದೆ ಬೀಳಬಾರದೆಂದು ಇಡೀ ಓಣಿ ಕೊಡ ಹಿಡಿದು ಬಂತು. ಎರಡೂ ಸೆಟ್ಟು ಆ ಪುಣ್ಯದ ನೀರಿನಲ್ಲಿ ತೇಲುತ್ತ, ಒಂದಕ್ಕೊಂದು ತಾಗುತ್ತ, ಚರಂಡಿಯ ಕಡೆ ಹೊರಟುಹೋದವು. ಕೊಟ್ಟೂರಪ್ಪ ಅವುಗಳ ಹಿಂದೆ ತೆವಳಿದ, ಕೈಗೆ ಸಿಗಲಿಲ್ಲ. ಇಷ್ಟು ವೇಗವಾಗಿ ದೀಡ ಹಾಕುವವರನ್ನು ನೋಡಿಯೇ ಇಲ್ಲ ಎಂದು ಮುದುಕರು ಮಾತಾಡಿಕೊಂಡರು.

ಆಮೇಲೆ ಅವನನ್ನು ಯಾರೂ ಕೇಳಲಿಲ್ಲ. ಒದ್ದೆ ಬಟ್ಟೆಯಲ್ಲೇ ಎತ್ತಿ ನಿಲ್ಲಿಸಿ, ಗುಡಿಗೆ ಕರೆದೊಯ್ದು, ಮಂಟಪದಲ್ಲಿ ಕಂಬಳಿಯ ಮೇಲೆ ಕೂರಿಸಿದರು. ಒಳಗೆ ಬಸವಣ್ಣ ತನ್ನಷ್ಟಕ್ಕೆ ತಾನು ಪ್ರಶಾಂತವಾಗಿ ಕೂತಿದ್ದ. ಹೊರಗೆ ಕೊಟ್ಟೂರಪ್ಪ ಕಾದ ಹಂಚಿನ ಮೇಲೆ ಕೂತವನಂತೆ ಮಿಸುಕಾಡುತ್ತಿದ್ದ. ಎದ್ದರೆ ಕಾಲಿಗೆ ಬೀಳುವವರು ದಾರಿ ಕಟ್ಟುತ್ತಿದ್ದರು. ಗಲ್ಲ ಒಳಗೆ ಹೋದದ್ದನ್ನು ನೋಡಿ ಉಪವಾಸವೂ ಇರಬೇಕೆಂದು ಒಬ್ಬರು ಊಹಿಸಿದ್ದರಿಂದ ತಂದ ಬಾಳೆಹಣ್ಣು, ಹಾಲು ಹಾಗೇ ವಾಪಸು ಹೋದವು. ಕೊನೆಗೆ ವಾಲ್ಮೀಕಿಯೇ ಮುಂದೆ ಬಂದು, ಮಗನಿಗೆ ಎಲ್ಲೂ ಹೆಣ್ಣು ಕೂಡಿಬರುತ್ತಿಲ್ಲ, ಏನಾದರೂ ದಾರಿ ತೋರಿಸಬೇಕು ಎಂದು ಬೇಡಿದ. ಕೊಟ್ಟೂರಪ್ಪ ಸಿಟ್ಟಿನಿಂದ ಮಣಿಕಟ್ಟು ಬಡಿದು ತೋರಿಸಿದ, ಹೊತ್ತಾಯಿತು, ಬಿಡಿ ಎಂಬ ಅರ್ಥದಲ್ಲಿ.

“ಟೈಮ್ ಬರಬೇಕಂತ,” ಎಂದ ವಾಲ್ಮೀಕಿ, ಕಣ್ಣೊರೆಸಿಕೊಂಡು. “ಖರೇ ಐತಿ. ಇಷ್ಟು ನೇರ ಯಾರೂ ಹೇಳಿದ್ದಿಲ್ಲ.”

ಆಗ ಜನರನ್ನು ಸರಿಸಿಕೊಂಡು ಒಬ್ಬ ಹೆಂಗಸು ಮುಂದೆ ಬಂದಳು. ಇಳಕಲ್ ಸೀರೆ, ಕೈಯಲ್ಲಿ ಪೂಜೆಯ ಬುಟ್ಟಿ, ತೆನೆಯಂಥ ಹಲ್ಲು. ಕೊಟ್ಟೂರಪ್ಪ ಟವೆಲನ್ನು ಮೂಗಿನ ತನಕ ಏರಿಸಿದ. ಉಪಯೋಗವಾಗಲಿಲ್ಲ.

“ಅಯ್ಯ, ಇವರು ನಮ್ಮ ಬೀಗರು,” ಎಂದಳು ಚನ್ನವೀರಮ್ಮ. ಇಡೀ ಮಂಟಪಕ್ಕೆ ಕೇಳುವಂತೆ ಇನ್ನೊಮ್ಮೆ ಹೇಳಿದಳು. “ನಮ್ಮ ಸುನಂದಾನ ಅಪ್ಪಾರು. ಮಾತಂದ್ರ ಜೀವ ಬಿಡ್ತಿದ್ರು. ಅಂಥವರು ಮಾತು ಬಿಟ್ಟಾರಂದ್ರ ನೋಡ್ರಿ.”

ಮಕ್ಕಳ ಮದುವೆಯಾದಾಗಿನಿಂದ ಆಕೆ ಅವನನ್ನು ಹೀಗೆ ಮೆಚ್ಚಿ ನೋಡಿದ್ದು ಇದೇ ಮೊದಲು. ಸೊಸೆಯನ್ನೂ ಹೊಗಳಿದಳು. ಇಂಥ ಮನೆತನದ ಹೆಣ್ಣು ತಂದದ್ದು ತನ್ನ ಪುಣ್ಯ ಎಂದಳು. ಕೇಳುತ್ತ ಕೂತ ಕೊಟ್ಟೂರಪ್ಪನಿಗೆ ಬೆವರು ಇಳಿಯಿತು. ಇಲ್ಲಿಯ ತನಕ ಬಾಯಿ ತೆರೆದರೆ ತನ್ನ ಮಾನ ಮಾತ್ರ ಹೋಗುತ್ತಿತ್ತು. ಇನ್ನು ಮೇಲೆ ಮಗಳ ಸಂಸಾರದ ನೆಮ್ಮದಿಯೂ ಹೋಗುತ್ತದೆ. ಸೂರ್ಯ ನೆತ್ತಿಯ ಕಡೆ ಏರುತ್ತಿದ್ದ. ಅವನು ಎದ್ದು ನಿಂತು ಬಳ್ಳಾರಿ ದಾರಿಯತ್ತ ಕೈ ತೋರಿಸಿದ, ಸ್ಟೇರಿಂಗ್ ತಿರುಗಿಸಿದಂತೆ ಮಾಡಿದ, ಎದೆ ಮುಟ್ಟಿಕೊಂಡ.

ಈ ಒಂದು ಸನ್ನೆ ಮಾತ್ರ ಸರಿಯಾಗಿ ಅರ್ಥವಾಯಿತು. ತಾನೂ ಈಗ ಬಳ್ಳಾರಿಗೇ ಹೊರಟಿದ್ದೇನೆ, ಸಣ್ಣ ಕೆಲಸವಿದೆ, ಕಾರಿನಲ್ಲಿ ಬರಲಿ ಎಂದಳು ಚನ್ನವೀರಮ್ಮ. ದೇವರು ದೊಡ್ಡವನು ಎಂದು ಕೊಟ್ಟೂರಪ್ಪ ಒಳಗಿನ ಬಸವಣ್ಣನಿಗೆ ಮನಸಾರೆ ಕೈ ಮುಗಿದ. ಕಾರು ಓಡಿಸುವ ಹುಲುಗೇಶ್ ಬಾಗಿಲು ತೆರೆದು ನಿಂತ. ಊರಿನವರು ಹಾರ ಹಾಕಿದರು. ಹುಲುಗೇಶನ ಫೋನಿನಲ್ಲಿ ವಿಡಿಯೋ ನಡೆದೇ ಇತ್ತು, ಆಗಿಂದಾಗಲೇ ಊರವರ ಫೋನುಗಳಿಗೂ ಹೋಗುತ್ತಿತ್ತು.

ದಾರಿಯುದ್ದಕ್ಕೂ ಚನ್ನವೀರಮ್ಮ ಮೌನದ ಮಹಿಮೆ ಹೇಳಿದಳು, ತಾನು ಒಬ್ಬಳೇ. ಕೊಟ್ಟೂರಪ್ಪ ಗಡಿಯಾರ ನೋಡುತ್ತ, ಕಾಲು ಕುಣಿಸುತ್ತ ಕೂತ. ಕೋಟೆ ಗುಡ್ಡ ಕಂಡಿತು. ಕೌಲ್ ಬಜಾರಿನ ಆಟೋಗಳ ನಡುವೆ ಕಾರು ನುಸುಳಿತು. ಎಲ್ಲಿ ನಿಲ್ಲಿಸಬೇಕೆಂದು ಹೇಗೆ ತೋರಿಸುವುದು ಎಂದು ಅವನು ತಲೆ ಕೆಡಿಸಿಕೊಳ್ಳುವಷ್ಟರಲ್ಲಿ, ಯಾರೂ ಹೇಳದೆ ಕಾರು ಡಾಕ್ಟರ ಬಾಗಿಲಿಗೇ ಬಂದು ನಿಂತಿತು. ಇದೂ ದೇವರದೇ ಕೆಲಸ ಎಂದುಕೊಂಡ. ಇಲ್ಲಿ ಒಂದು ಮಾತು ಕೇಳುವುದಿದೆ, ನೀವೂ ನೆರಳಿಗೆ ಬನ್ನಿ ಎಂದು ಚನ್ನವೀರಮ್ಮ ಅವನನ್ನು ಒಳಗೆ ಕರೆದಳು.

ಒಳಗೆ ಕಾಲಿಟ್ಟದ್ದೇ ನರ್ಸು, “ಸಿರಿಗೇರಿ ಕೊಟ್ಟೂರಪ್ಪ ಬಂದ್ರಾ? ನಿಮ್ಮದೇ ಪಾಳಿ. ಬರ್ರಿ,” ಎಂದು ಕರೆದಳು.

ಚನ್ನವೀರಮ್ಮ ನಿಂತಲ್ಲೇ ನಿಂತಳು. ಬೀಗರನ್ನು ಮೇಲಿನಿಂದ ಕೆಳಗೆ ನೋಡಿದಳು. ಟವೆಲು ನೋಡಿದಳು. ಆಮೇಲೆ ಒಳಗಿದ್ದ ಖಾಲಿ ಕುರ್ಚಿ ನೋಡಿದಳು. ಕೊಟ್ಟೂರಪ್ಪ ಕುರ್ಚಿಯ ಕಡೆ ಹೆಜ್ಜೆ ಹಾಕುವ ಮೊದಲೇ ಆಕೆ ಡಾಕ್ಟರ ಮುಂದಿದ್ದಳು. ಇವರು ಶ್ರಾವಣ ಮುಗಿಯುವ ತನಕ ಮೌನ ಹಿಡಿದಿದ್ದಾರೆ, ಕುರುಗೋಡಿಗೆ ಕುರುಗೋಡೇ ಸಾಕ್ಷಿ ಇದೆ, ಸೂಜಿ ಚುಚ್ಚಿದಾಗ ಅಪ್ಪಾ ಎಂದರೆ ವ್ರತ ಮುರಿದ ಪಾಪ ಯಾರಿಗೆ ಎಂದು ಕೇಳಿದಳು.

ಗವಿಸಿದ್ದೇಶ್ ದೈವಭಕ್ತರು. ಅವರ ತಂದೆಯೂ ಶ್ರಾವಣದಲ್ಲಿ ಮೌನ ಹಿಡಿಯುತ್ತಿದ್ದರಂತೆ. ಕೈಗವಸು ಬಿಚ್ಚಿ ಕೊಟ್ಟೂರಪ್ಪನಿಗೆ ನಮಸ್ಕಾರ ಮಾಡಿದರು.

“ಯಜಮಾನ್ರೇ, ಸ್ಕ್ರೂ ಕೂಡಿಸುವಾಗ ನಾನು ನಡುನಡುವೆ ಕೇಳ್ತಿರಬೇಕು, ನೀವು ಹೇಳ್ತಿರಬೇಕು. ಎಲ್ಲಿ ಮರಗಟ್ಟೈತಿ, ಎಲ್ಲಿ ನೋಯ್ತೈತಿ ಅಂತ. ಬಾಯಿಬಿಟ್ಟು ಹೇಳ್ತೀರಂದ್ರ ಈಗಲೇ ಮಾಡೋಣು. ವ್ರತ ಅಂದ್ರ ನಾ ಬಲವಂತ ಮಾಡಂಗಿಲ್ಲ. ಏನಂತೀರಿ?”

ಕೊಟ್ಟೂರಪ್ಪನ ಕಣ್ಣೆದುರು ಒಂದು ಖಡಕ್ ರೊಟ್ಟಿ ಬಂದು ನಿಂತಿತು. ಅದರ ಮೇಲೆ ಪುಂಡಿಪಲ್ಲೆ, ಪಕ್ಕದಲ್ಲಿ ಒಂದು ಹಸಿ ಉಳ್ಳಾಗಡ್ಡಿ. ಬಾಯಿ ಇನ್ನೇನು ತೆರೆಯಬೇಕು. ಬಾಗಿಲಲ್ಲಿ ಹುಲುಗೇಶ್ ಫೋನು ಎತ್ತಿ ಹಿಡಿದಿದ್ದ. ಆ ಫೋನಿನೊಳಗೆ ಕೊಡ ಹಿಡಿದ ಓಣಿಯಿತ್ತು, ವಾಲ್ಮೀಕಿಯಿದ್ದ, ಎಲ್ಲೋ ಒಂದು ಕಡೆ ಅಡುಗೆಮನೆಯಲ್ಲಿ ನಿಂತು ನೋಡುತ್ತಿರುವ ಸುನಂದಾ ಇದ್ದಳು. ಇಂದು ಬೆಳಿಗ್ಗೆಯಷ್ಟೇ ಆ ಮನೆಯಲ್ಲಿ ಅವಳ ತವರಿಗೆ ಒಂದು ಬೆಲೆ ಬಂದಿತ್ತು.

ಅವನು ತಲೆ ಅಡ್ಡಡ್ಡ ಆಡಿಸಿದ. ರೊಟ್ಟಿ ದೀಪಾವಳಿಯ ಆಚೆಗೆ ಸರಿದುಹೋಯಿತು.

“ದೊಡ್ಡ ಮನಸ್ಸು,” ಎಂದರು ಡಾಕ್ಟರು. ನರ್ಸಿನ ಕಡೆ ತಿರುಗಿ, ಈ ಹೊತ್ತು ಖಾಲಿ ಆಯಿತಲ್ಲ, ಬೇರೆ ಯಾರಾದರೂ ತಯಾರಿದ್ದಾರಾ ಎಂದು ಕೇಳಿದರು.

ಚನ್ನವೀರಮ್ಮ ಹುಲುಗೇಶನನ್ನು ಎಳನೀರು ತರಲು ಅಟ್ಟಿದಳು. ಅವನು ಮರೆಯಾದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಸೆರಗು ಅಡ್ಡ ಹಿಡಿದಳು. ಟಕ್ ಎಂದು ಒಂದು ಸದ್ದು, ಹಿಂದೆಯೇ ಇನ್ನೊಂದು. ತಿರುಗಿ ನಿಂತಾಗ ಆಕೆಯ ಗಲ್ಲಗಳೂ ಒಳಗೆ ಹೋಗಿದ್ದವು. ಬೀಗರ ಬಲಗೈ ಹಿಡಿದು, ಬೆಚ್ಚಗಿನದೊಂದು ವಸ್ತುವನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

“ಬೀಗರೇ, ಇವನ್ನ ಹಿಡ್ಕೊಂಡಿರ್ರಿ. ಯಾರರ ಒಬ್ರು ಬರದಿದ್ರ ಆ ಪಾಳಿ ನನಗ ಕೊಡ್ತೀವಿ ಅಂದಿದ್ರು ಡಾಕ್ಟರು, ಮೂರು ತಿಂಗಳಾತು ಎಡತಾಕಾಕತ್ತಿ. ಮನ್ಯಾಗ ಒಬ್ರಿಗೂ ಗೊತ್ತಿಲ್ಲ, ಸುನಂದಾಗಂತೂ ಗೊತ್ತಾಗಬಾರದು. ನಿಮ್ಮ ಮುಂದಾದ್ರ ನನಗ ಚಿಂತಿಲ್ಲ. ಹೆಂಗೂ ನೀವು ಮಾತಾಡಂಗಿಲ್ಲ.”

ಗಾಳಿಯೇ ಹೆಚ್ಚಾಗಿದ್ದ ಆ ಮಾತಿನಲ್ಲಿ ನರ್ಸಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೊಟ್ಟೂರಪ್ಪನಿಗೆ ಒಂದಕ್ಷರವೂ ತಪ್ಪಲಿಲ್ಲ. ಯುಗಾದಿಯಿಂದ ಅವನ ಮನೆಮಾತೂ ಅದೇ ಆಗಿತ್ತು. ಚನ್ನವೀರಮ್ಮ ಒಳಗೆ ಹೋಗಿ ಕುರ್ಚಿಯ ಮೇಲೆ ಒರಗಿದಳು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಕೊಟ್ಟೂರಪ್ಪ ಕೂತ. ಕೊರಳಲ್ಲಿ ಹಾರ, ಬಾಯಿಗೆ ಟವೆಲು, ಬಲಗೈಯಲ್ಲಿ ಬೀಗತಿಯ ಹಲ್ಲು. ಹಲ್ಲುನೋವಿಗೆ ಗಲ್ಲ ಕಟ್ಟಿಕೊಂಡು ಬಂದಿದ್ದ ಮುದುಕಿಯೊಬ್ಬಳು ಸಂಗತಿ ಕೇಳಿ ತಿಳಿದು, ಮೆಲ್ಲಗೆ ಬಾಗಿ ಅವನ ಕಾಲು ಮುಟ್ಟಿದಳು. ಆಶೀರ್ವಾದ ಮಾಡದೆ ಗತಿಯಿರಲಿಲ್ಲ. ಅವನು ಬಲಗೈ ಎತ್ತಿದ, ಮುಷ್ಟಿ ಬಿಚ್ಚಲಿಲ್ಲ. ಮುದುಕಿ ಮುಷ್ಟಿಯನ್ನೇ ನೋಡುತ್ತ ನಿಂತಳು.

ಎಳನೀರು ಹಿಡಿದು ಬಂದ ಹುಲುಗೇಶ್ ಆಕೆಯ ಅನುಮಾನ ಪರಿಹರಿಸಿದ.

“ಅದು ಯೋಗದ ಮುದ್ರಿ, ಅಜ್ಜಿ. ಭಾಳ ದೊಡ್ಡೋರು ಅಷ್ಟ ಹಿಡೀತಾರ.”