ಎಲ್‌ವುಡ್‌ ಕಟ್ಟಿದ ಹಲಗೆಮನೆ

ಶಾಲಾ ಬಸ್ಸು ಓಡಿಸಿ ನಿವೃತ್ತನಾದ ಎಲ್‌ವುಡ್ ಪೆಲ್ಕಿಗೆ ಈ ಲೋಕದಲ್ಲಿ ಬೇಕಾಗಿದ್ದುದು ಒಂದೇ: ಯಾರೂ ಕಾಡದ ಒಂದು ಮೂಲೆ. ಅದಕ್ಕೇ ಒಂದು ಶನಿವಾರ ಬೆಳಿಗ್ಗೆ, ಯಾರೋ ಕೆಡವಿದ ಕೊಟ್ಟಿಗೆಯ ಹಲಗೆಗಳನ್ನು ಹಿತ್ತಲಿಗೆ ತಂದು ಹಾಕಿ, ಒಬ್ಬನೇ ಕೂರುವಷ್ಟು ಪುಟ್ಟ ಗೂಡು ಕಟ್ಟಲು ಶುರುಮಾಡಿದ.

ಎರಡನೇ ಮೊಳೆ ಹೊಡೆಯುವಷ್ಟರಲ್ಲಿ ಪಕ್ಕದ ಮನೆಯ ರಾಸ್ಕೋ ಹಳೇ ಬಾಗಿಲೊಂದನ್ನು ತಲೆಯ ಮೇಲೆ ಹೊತ್ತು ಬಂದ.

"ಬಾಗ್ಲು ಯಾಕೋ? ನಾನೊಬ್ನೇ ಕೂರೋದು."

"ಬೇಡ ಅನ್ಬೇಡ ಮಾರಾಯ. ಓಕ್ ಮರ. ನಮ್ಮಜ್ಜ ಇದನ್ನ ತಳ್ಳಿ ತಳ್ಳೀನೇ ಭುಜ ಬೆಳೆಸಿದ್ದು."

ಬಾಗಿಲಿಗೆ ತಕ್ಕಂತೆ ಗೋಡೆ ಎತ್ತರವಾಯಿತು. ಆಮೇಲೆ ಎದುರುಮನೆಯ ಮುದುಕಿ ಬ್ಯೂಲಾ, ಮುಚ್ಚಿಹೋದ ಚರ್ಚಿನ ಉದ್ದನೆಯ ಬೆಂಚನ್ನು ಟ್ರಕ್ಕಿನಲ್ಲಿ ತಂದಿಳಿಸಿದಳು. ಅದು ಒಳಗೆ ಹಿಡಿಸದೆ ಗೋಡೆಯೇ ಆಚೆ ಸರಿಯಿತು. ಕೊನೆಗೆ ಹಿಂದಿನ ಬೀದಿಯ ಗಸ್ ಬಂದ. ಬೌಲಿಂಗ್ ಆಟದ ಅಂಗಣದಿಂದ ಕಿತ್ತ ನುಣುಪು ಹಲಗೆಗಳು ಅವನ ಜೊತೆಗಿದ್ದವು.

"ನೆಲ ಇಲ್ದೆ ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ ಕಣೋ," ಎಂದ.

ಎಲ್‌ವುಡ್ ಚಾವಣಿ ಹತ್ತಿ ಮೊಳೆ ಹೊಡೆಯುತ್ತಿದ್ದಾಗ, ನೆಲ ಅಳೆಯಲು ಕೋಲು ಸಿಗದೆ ಅವರು ಏಣಿಯನ್ನೇ ಒಯ್ದರು. ಮಧ್ಯಾಹ್ನವೆಲ್ಲ ಅವನು ಮಳೆ ನಿಂತ ಮೇಲೂ ಹಾರಲು ಮನಸ್ಸಾಗದ ಕಾಗೆಯಂತೆ ಮೇಲೆ ಕೂತಿದ್ದ. ಕೆಳಗೆ ಕಿಟಕಿ ಎತ್ತ ಮುಖ ಮಾಡಬೇಕೆಂದು ಮೂವರ ಚರ್ಚೆ ನಡೆದಿತ್ತು.

ಸಂಜೆಗೆ ಹಲಗೆಮನೆ ಮುಗಿದು ಏಣಿ ವಾಪಸ್ ಬಂತು. ಎಲ್‌ವುಡ್ ಇಳಿದು ಬಾಗಿಲು ತಳ್ಳಿದರೆ, ಮೂವರೂ ಬೆಂಚಿನ ಮೇಲೆ ಒತ್ತಾಗಿ ಕೂತು ಇಸ್ಪೀಟೆಲೆ ಹಂಚುತ್ತಿದ್ದರು.

"ನಿಂಗೆ ಜಾಗ ಇಲ್ವಲ್ಲೋ ಮಗಾ," ಎಂದಳು ಬ್ಯೂಲಾ, ಎಲೆಗಳಿಂದ ಕಣ್ಣೆತ್ತದೆ. "ಮನೆಯಿಂದ ಕುರ್ಚಿ ತಗೊಂಡ್ಬಾ. ಹಾಗೇ ಕಾಫೀನೂ."

ಎಲ್‌ವುಡ್ ಹಲಗೆಮನೆಯೂ ಬೇಡ, ಮೂಲೆಯೂ ಬೇಡ ಎಂದುಕೊಂಡು ನೇರವಾಗಿ ಅಡುಗೆಮನೆಗೆ ನಡೆದ. ಹೆಂಡತಿ ಆರ್ಲೀನ್ ಒಲೆಯ ಪಕ್ಕ ಕಾಲು ಚಾಚಿ ಕಾದಂಬರಿ ಓದುತ್ತಿದ್ದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ಅವನು ವರ್ಷದಿಂದ ಕಂಡಿರಲಿಲ್ಲ.

"ಅದನ್ನ ಅವರಿಗೇ ಬಿಟ್ಟುಬಿಟ್ಟೆ ಕಣೆ. ಇನ್ಮೇಲೆ ನಾನು ಇಲ್ಲೇ, ನಿನ್ ಜೊತೆಗೇ ಇರ್ತೀನಿ."

ಆರ್ಲೀನ್ ಪುಸ್ತಕ ಮುಚ್ಚಿದಳು.

"ನೀನೊಬ್ನೇ ಕಟ್ಟಿದ್ರೆ ಹಿಮ ಬಿದ್ರೂ ಮುಗಿಯಲ್ಲ ಅಂತ ಆ ಮೂವರಿಗೂ ಫೋನ್ ಮಾಡಿ ಮರ ತರಿಸಿದ್ದು ನಾನೇ," ಎಂದಳು ಮೆಲ್ಲಗೆ. "ನೀನು ಕೆಲಸ ಬಿಟ್ಟಾಗಿಂದ ಬಸ್ಸಿನ ಕತೆ ಕೇಳಿ ಕೇಳಿ ನಂಗೆ ಒಂದು ಪುಟ ಓದೋಕಾಗಿಲ್ಲ."

ಅವಳೆದ್ದು ಕುರ್ಚಿಯೊಂದನ್ನು ಅವನ ಕೈಗಿತ್ತು, ಹಿತ್ತಲ ಬಾಗಿಲವರೆಗೂ ಕಳಿಸಿಕೊಟ್ಟಳು. ಹಿಂದೆಯೇ ಚಿಲಕ ಬಿದ್ದ ಸದ್ದಾಯಿತು.