ಬೀರುವಿನ ಅಡಿಯಲ್ಲಿ ಹುಪೊಮೊನೆ

ಮೇಲಿನ ಮನೆ ಅಜ್ಜಿ ಕೇಳಿದ್ದು ಒಂದೇ ಮಾತು. "ಸ್ವಲ್ಪ ಕೈ ಹಾಕ್ತೀಯೇನಪ್ಪಾ?" ಇಲ್ಲ ಅನ್ನೋಕೆ ಗ್ರೀಕಪ್ಪನ ನಾಲಿಗೆ ಹೊರಳಲಿಲ್ಲ. ಅಲ್ಲಿಗೆ ಅವನ ಭಾನುವಾರ ಕೆಟ್ಟಿತು.

ಗ್ರೀಕಪ್ಪ ಅನ್ನುವುದು ಅಕ್ಕಪಕ್ಕದವರು ಇಟ್ಟ ಹೆಸರು. ಕೆಲಸ ಔಷಧಿ ಅಂಗಡಿಯಲ್ಲಿ, ಹುಚ್ಚು ಮಾತ್ರ ಬೈಬಲ್ಲಿನ ಗ್ರೀಕ್ ಪದಗಳದ್ದು. ಪಾದ್ರಿಗಳ ಮುಂದೆ ವರ್ಷಗಟ್ಟಲೆ ಗೋಗರೆದು, ಈ ದಿನದ ಆರಾಧನೆಯಲ್ಲಿ ಮಾತಾಡುವ ಅವಕಾಶ ಗಿಟ್ಟಿಸಿದ್ದ. ಮಾತು ಚೆನ್ನಾಗಿ ಬಂದರೆ ಭಾನುವಾರದ ಬೈಬಲ್ ಪಾಠ ಇನ್ನು ಮುಂದೆ ಅವನದೇ ಎಂದು ಪಾದ್ರಿಗಳು ಹೇಳಿದ್ದರು. ಆರಿಸಿಕೊಂಡ ಪದ ಹುಪೊಮೊನೆ. ತಾಳ್ಮೆ ಅಂತ ಅರ್ಥ ಹೇಳಿ ಎಲ್ಲರೂ ಕೈತೊಳೆದುಕೊಳ್ಳುತ್ತಾರಲ್ಲ, ಅದೇ. ವಾರವಿಡೀ ಕನ್ನಡಿ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಅಭ್ಯಾಸ ಮಾಡಿದ್ದ. ಅವರಿದ್ದ ಕಟ್ಟಡದ್ದು ಹೆಸರಿಗಷ್ಟೇ ಗೋಡೆ. ಪಕ್ಕದ ಮನೆಯವರು ಮಗ್ಗುಲು ಬದಲಿಸಿದರೂ ಕೇಳಿಸುತ್ತಿತ್ತು.

ಹೆಂಡತಿ ಮುಂದಿನ ಬೆಂಚು ಹಿಡಿಯಲು ಮೊದಲೇ ಚರ್ಚಿಗೆ ಹೋಗಿದ್ದಳು. ಇವನು ಇಸ್ತ್ರಿ ಶರ್ಟು ಹಾಕಿಕೊಂಡು ಬಾಗಿಲಿಗೆ ಬೀಗ ಜಡಿಯುವ ಹೊತ್ತಿಗೆ ಅಜ್ಜಿಯ ಕಬ್ಬಿಣದ ಬೀರು ಮೆಟ್ಟಿಲ ಬುಡದಲ್ಲಿ ನಿಂತಿತ್ತು. ಮೇಲಿನ ತುದಿಗೆ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರು, ಕೆಳಗಿನ ತುದಿಗೆ ಗ್ರೀಕಪ್ಪ. ಮೆಟ್ಟಿಲ ತಿರುವಿನಲ್ಲಿ ಬೀರುವಿನ ಕಾಲು ಕಂಬಿಗೆ ಸಿಕ್ಕಿಕೊಂಡಿತು. ಹೆಡ್‌ಮಾಸ್ಟರು "ಅಯ್ಯೋ ಸೊಂಟ" ಎಂದು ಕೈಬಿಟ್ಟರು. ಭಾರವೆಲ್ಲ ಇವನ ಹೆಗಲಿಗೆ ಬಂತು. ಹಿಂದೆ ಸರಿದರೆ ಬೀರು ಮೈಮೇಲೆ, ಪಕ್ಕದಲ್ಲಿ ಇನ್ನೊಬ್ಬರು ತೂರಿ ಕೈಜೋಡಿಸುವಷ್ಟೂ ಜಾಗವಿಲ್ಲ.

"ಅಲ್ಲಾಡಬೇಡ. ವೆಲ್ಡಿಂಗ್‌ನವನಿಗೆ ಫೋನ್ ಮಾಡಿದೀನಿ, ಬಂದು ಕಂಬಿ ಕೊಯ್ತಾನೆ," ಎಂದರು ಹೆಡ್‌ಮಾಸ್ಟರು, ಮೇಲಿನ ಮೆಟ್ಟಿಲಲ್ಲಿ ಆರಾಮಾಗಿ ಕೂತು.

"ಸಾರ್, ಇವತ್ತು ಚರ್ಚಲ್ಲಿ ನನ್ನ ಮಾತಿದೆ."

"ಗೊತ್ತಪ್ಪಾ. ಹುಪೊ ಅಂದ್ರೆ ಕೆಳಗೆ, ಮೆನೊ ಅಂದ್ರೆ ಇರೋದು. ಭಾರ ಬಿತ್ತು ಅಂತ ಓಡಿಹೋಗದೆ ಅದರ ಕೆಳಗೇ ನಿಲ್ಲೋದು. ಮಂಗಳವಾರ ಹೇಳ್ತಿದ್ದೆಯಲ್ಲ."

"ಅದು ಬುಧವಾರ," ಅಂದಳು ಅಜ್ಜಿ ಮೇಲಿಂದ. "ಮಂಗಳವಾರ ಬೈಬಲ್ಲಿನ ಯೋಬನ ಕತೆ. ಮೈಯೆಲ್ಲ ಹುಣ್ಣಾದ್ರೂ ಅವನು ಜಗ್ಗಲಿಲ್ಲವಂತೆ. ನಿನಗೆ ಬರೀ ಬೀರು."

"ಅಜ್ಜಿ, ಒಳಗಿನ ಸಾಮಾನಾದ್ರೂ ತೆಗೆದಿದೀರಾ?"

"ಬೀಗದ ಕೈ ಸಿಗ್ಲಿಲ್ಲಪ್ಪಾ. ಹಾಗೇ ತಂದ್ವಿ."

ಗ್ರೀಕಪ್ಪ ಹಲ್ಲು ಕಚ್ಚಿದ. ಅಜ್ಜಿಗೆ ಇನ್ನೊಂದು ಅನುಮಾನ ಬಂತು. "ಜನ ಕಾಟ ಕೊಟ್ಟಾಗ್ಲೂ ಇದೇ ಪದಾನೇನೋ?"

ಬೆವರು ಕಣ್ಣಿಗಿಳಿಯುತ್ತಿದ್ದರೂ ಇವನೊಳಗಿನ ಮೇಷ್ಟ್ರು ಸುಮ್ಮನಿರಲಿಲ್ಲ. "ಅಲ್ಲ ಅಜ್ಜಿ. ಕಷ್ಟ ತಡ್ಕೊಳೋಕೆ ಹುಪೊಮೊನೆ. ಜನರನ್ನ ತಡ್ಕೊಳೋಕೆ ಮಕ್ರೊಥುಮಿಯ. ಬೇಗ ಸಿಟ್ಟಿಗೇಳದೆ ಇರೋದು."

"ಹಾಗಾದ್ರೆ ನಿನಗೀಗ ಎರಡೂ ಬೇಕು," ಎಂದರು ಹೆಡ್‌ಮಾಸ್ಟರು.

ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಮೆಟ್ಟಿಲ ಬುಡದಲ್ಲಿ ಕಾಣಿಸಿಕೊಂಡ. ಅದೇ ಚರ್ಚಿನ ಕೊನೇ ಬೆಂಚಿನಲ್ಲಿ ಕೂತು ತೂಕಡಿಸುವ ಆಸಾಮಿ. ಗ್ರೀಕಪ್ಪನಿಗೆ ಹೋದ ಜೀವ ಬಂದಂತಾಯಿತು.

"ಅಣ್ಣಾ, ನಾನು ಬರ್ತಾ ಇದೀನಿ, ಅಲ್ಲೀತನಕ ಹೇಗಾದ್ರೂ ಸುಧಾರಿಸ್ಕೊಳ್ಳಿ ಅಂತ ಪಾದ್ರಿಗಳಿಗೆ ಹೇಳ್ತೀರಾ?"

"ನೀನೇನೂ ಯೋಚ್ನೆ ಮಾಡ್ಬೇಡ. ನಾನು ನೋಡ್ಕೋತೀನಿ," ಎಂದು ದರ್ಜಿ ಬಿರಬಿರನೆ ಹೋದ.

ವೆಲ್ಡಿಂಗ್‌ನವನು ಬಂದ. ಕಂಬಿ ನೋಡಿದ, ಬೀರು ನೋಡಿದ, ಕೊಯ್ಯುವ ಬ್ಲೇಡು ಮರೆತು ಬಂದೆ ಎಂದು ವಾಪಸು ಹೋದ. ಚರ್ಚಿನ ಗಂಟೆ ಹೊಡೆಯಿತು. ಗಾಳಿಯಲ್ಲಿ ಹಾಡು ತೇಲಿಬಂತು, ಆಮೇಲೆ ನಿಂತಿತು. ಹಾಡು ನಿಂತ ಮೇಲೆ ಮಾತು, ಆ ಮಾತು ತನ್ನದು. ಗ್ರೀಕಪ್ಪನಿಗೆ ಅಳುವೇ ಬಂತು. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕೊನೆಗೂ ಕಂಬಿ ತುಂಡಾಗಿ ಬೀರು ಮೇಲೆ ಹೋಯಿತು. ಹೆಗಲಲ್ಲಿ ತುಕ್ಕು ಹತ್ತಿದ ಶರ್ಟಿನಲ್ಲೇ ಗ್ರೀಕಪ್ಪ ಬೀದಿಗೆ ಓಡಿದ. ಎದುರಿಗೆ ಚರ್ಚಿನ ಜನವೆಲ್ಲ ಬರುತ್ತಿದ್ದರು. ನಡುವೆ ದರ್ಜಿ. ಒಬ್ಬೊಬ್ಬರಾಗಿ ಅವನ ಕೈ ಕುಲುಕುತ್ತಿದ್ದರು.

"ಪಾದ್ರಿಗಳು ಏನು ಮಾಡೋದು ಅಂತ ಪೇಚಾಡ್ತಿದ್ರಪ್ಪ, ಪಾಪ," ಎಂದ ದರ್ಜಿ. "ನಾನೇ ಎದ್ದು ಹೇಳ್ಬಿಟ್ಟೆ. ವಾರವೆಲ್ಲ ಕೇಳಿ ಬಾಯಿಪಾಠ ಆಗಿತ್ತಲ್ಲ. ನಿನ್ನ ಹೆಗಲ ಮೇಲಿನ ಬೀರುವನ್ನೂ ಸೇರಿಸಿದೆ, ಜನ ಬಿದ್ದೂ ಬಿದ್ದೂ ನಕ್ಕರು."

ಹೆಂಡತಿಯ ಕಣ್ಣು ಒದ್ದೆಯಾಗಿತ್ತು. "ನೀವು ಹೇಳ್ದಾಗ ಒಂದಕ್ಷರ ಅರ್ಥ ಆಗಿರ್ಲಿಲ್ಲ ಕಣ್ರೀ. ಇವರು ಹೇಳಿದ್ಮೇಲೆ ಆಯ್ತು," ಅಂದಳು.

ಗ್ರೀಕಪ್ಪ ದರ್ಜಿಯತ್ತ ತಿರುಗಿದ. "ಮತ್ತೆ ಭಾನುವಾರದ ಪಾಠ?"

"ಇನ್ಮೇಲೆ ನಂದೇ ಅಂತೆ. ಬೇಡ ಅಂದೆ, ಕೇಳಲಿಲ್ಲ." ದರ್ಜಿ ಹತ್ತಿರ ಬಂದು ದನಿ ತಗ್ಗಿಸಿದ. "ಮುಂದಿನ ವಾರಕ್ಕೆ ಇನ್ನೊಂದು ಪದ ಕೊಟ್ಟಿದಾರೆ, ಮಕ್ರೊಥುಮಿಯ. ನಾಳೆಯಿಂದ್ಲೇ ಅಭ್ಯಾಸ ಶುರು ಮಾಡ್ಕೋ. ಒಂಚೂರು ಜೋರಾಗಿ ಹೇಳು ಮಾರಾಯಾ, ಮಷಿನ್ ತುಳೀತಾ ಇದ್ರೆ ಸರಿಯಾಗಿ ಕೇಳ್ಸಲ್ಲ."