ಲೇತ್ ಮಷೀನಿನವನ ಕೈಯ ಪಲ್ಯ

ನಮ್ಮ ಮನ್ಯಾಗ ವಾರಕ್ಕೊಂದು ಫಜೀತಿ ಆಗೂದ ಐತಿ. ಆದದ್ದನ್ನ ಮರುದಿವಸ ವರ್ಕ್‌ಶಾಪಿನ್ಯಾಗ ಹೇಳತೇನಿ. ಮಂದಿ ಹೊಟ್ಟಿ ಹಿಡಕೊಂಡು ನಗತಾರ, ನಾನೂ ನಗತೇನಿ. ನಕ್ಕು ಮುಗದ ಮ್ಯಾಲ ಯಾರೂ ನನ್ನ ಮಾರಿ ನೋಡಂಗಿಲ್ಲ, ಚಾ ಕುಡಿಯಾಕ ಎದ್ದು ಹೋಗಿಬಿಡತಾರ.

ನಾ ತಾರಿಹಾಳದಾಗ ಲೇತ್ ಮಷೀನ್ ಮ್ಯಾಲ ಕೆಲಸ ಮಾಡಾಂವ. ಕಬ್ಬಿಣ ಕೊಡ್ರಿ, ಹೇಳಿದ ಅಳತಿಗೆ ಕಡದು ಕೊಡತೇನಿ. ಅದು ಬಿಟ್ರ ಬ್ಯಾರೆ ಏನೂ ಬರಂಗಿಲ್ಲ. ಹುಬ್ಬಳ್ಳಿಯೊಳಗ ಎರಡು ಖೋಲಿಯ ಬಾಡಗಿ ಮನಿ. ಈ ವರ್ಷ ಶಿವರಾತ್ರಿ ಕಳದ ಮ್ಯಾಲ ನನ್ನ ಹೆಂಡ್ತಿ ಜ್ವರ ಬಂದು ತೀರಿಕೊಂಡ್ಲು. ಉಳದವರು ನಾನು, ಮತ್ತ ಎರಡನೇ ಇಯತ್ತೆ ಓದೂ ನಮ್ಮ ಮಗಳು.

ಕಾರ್ಯ ಮುಗದ ದಿವಸ ಹೆಬ್ಬಳ್ಳಿ ಊರಿನ ನಮ್ಮ ಅತ್ತಿಯವರು ಬೀಗರೆಲ್ಲಾರ ಮುಂದ ಹೇಳಿದ್ರು: "ಅಳಿಯಾರ, ಗಂಡಸರಿಗೆ ಹುಡುಗಿ ಸಾಕೂದು ಆಗೂ ಮಾತಲ್ಲ. ದೀಪಾವಳಿ ತನಕ ನೋಡತೇನಿ. ಕೂಸು ಸೊರಗಿತ್ತಂದ್ರ ನಾ ಕರ್ಕೊಂಡು ಹೊಕ್ಕೇನಿ."

ನಾ ಹೂಂ ಅಂದೆ. ಮಗಳು ಕಳಕೊಂಡ ತಾಯಿಗೆ ಬ್ಯಾರೆ ಏನ ಅನ್ನಲಿ? ಆದ್ರ ಇದೊಂದು ಕೂಸೂ ಹೋತಂದ್ರ ಸಂಜಿಕ ಕೆಲಸ ಮುಗಿಸಿ ಬಂದು ಆ ಮನಿ ಕೀಲಿ ಹೆಂಗ ತಗೀಲಿ ಅಂತ ಹೆದರಿಕಿ ಹತ್ತಿತು. ಮರುದಿವಸದಿಂದ ಅಡಗಿ ಕಲಿಯಾಕ ಹತ್ತಿದೆ.

ಅಂದಾಜು

ಮೊದಲನೇ ದಿವಸ ಹಿರೇಕಾಯಿ ತಂದೆ. ರೊಟ್ಟಿ ಖಾನಾವಳಿಯಿಂದ ಬರತಾವು, ಪಲ್ಯ ಒಂದು ಮಾಡಿದ್ರ ಆತು. ಬಾಜೂ ಮನಿ ಕಾಕೂನ ಕೇಳಿದೆ. ಅವರು ಗ್ವಾಡಿ ಆಚೆ ನಿಂತು ಹೇಳಿದ್ರು, "ಎಣ್ಣಿ ಕಾಯಲಿ, ಸಾಸಿವಿ ಸಿಡೀಲಿ, ಉಳ್ಳಾಗಡ್ಡಿ ಹಾಕ್ರಿ, ಹಿರೇಕಾಯಿ ಹಾಕ್ರಿ. ಆಮ್ಯಾಲ ಖಾರ, ಉಪ್ಪು, ಶೇಂಗಾ ಪುಡಿ."

"ಉಪ್ಪು ಎಷ್ಟ್ರಿ ಕಾಕು?"

"ಅಂದಾಜಿಲೆ ಹಾಕ್ರಿ."

"ಖಾರ?"

"ಅದೂ ಅಂದಾಜಿಲೆ."

"ಅಂದಾಜಿಲೆ ಕೆಲಸ ಮಾಡಿದ್ರ ನಮ್ಮ ಮಾಲಕರು ಮನಿಗೆ ಕಳಸ್ತಾರ ರೀ."

"ಈಗ ಮನ್ಯಾಗ ಅದೀರಲ್ಲ, ಹಾಕ್ರಿ," ಅಂದ್ರು.

ನಾ ಹಿರೇಕಾಯಿ ಹೋಳು ಎಲ್ಲಾ ಒಂದ ಅಳತಿಗೆ ಇರಲಿ ಅಂತ ವರ್ಕ್‌ಶಾಪಿನ ವರ್ನಿಯರ್ ಅಳತಿಪಟ್ಟಿ ಹಿಡದು ಹೆಚ್ಚಿದೆ. ಹೆಚ್ಚಿ ಮುಗಸೂದ್ರಾಗ ಒಲಿ ಮ್ಯಾಲಿನ ಸಾಸಿವಿ ಇದ್ದಲಿ ಆಗಿತ್ತು. ಉಪ್ಪು ಹಾಕಿದ್ನೋ ಇಲ್ಲೋ ಅಂತ ಅನುಮಾನ ಬಂತು, ಇನ್ನೊಮ್ಮೆ ಹಾಕಿದೆ. ಆ ದಿವಸ ಅಪ್ಪ ಮಗಳು ಕೂಡಿ ಅರ್ಧ ಕೊಡ ನೀರು ಕುಡದ್ವಿ. ಹೆಂಡ್ತಿ ಇದ್ದಾಗ ನಾ ತಾಟಿನ ಮುಂದ ಕುಂತು "ಉಪ್ಪು ಕಮ್ಮಿ ಆಗೇತಿ ನೋಡು" ಅಂತಿದ್ದೆ, ಅದು ನೆನಪಾತು.

ಮುಂಜಾನಿ ಕಾಕು ಕೇಳಿದ್ರು, "ಹೆಂಗಾಗಿತ್ತ್ರಿ ಪಲ್ಯ?"

"ರೊಟ್ಟಿಕಿಂತ ನೀರ ಭಾಳ ಹೋತು ರೀ."

ಕಾಕು ಜರಾ ವಿಚಾರ ಮಾಡಿ ಹೇಳಿದ್ರು, "ಹಂಗಾರ ಇನ್ನ ಮ್ಯಾಲ ನಳಕ್ಕ ನೀರು ಬರೂ ದಿವಸ ನೋಡ್ಕೊಂಡು ಪಲ್ಯ ಮಾಡ್ರಿ."

ಎತ್ತು

ಮಣ್ಣೆತ್ತಿನ ಅಮಾಸಿ ಬಂತು. ಸಾಲ್ಯಾಗ ಟೀಚರು ಎಲ್ಲಾ ಹುಡುಗರಿಗೂ ಮಣ್ಣಿನ ಎತ್ತು ಮಾಡಿಕೊಂಡು ಬರ್ರಿ, ಪೂಜಾ ಮಾಡೂಣು ಅಂತ ಹೇಳಿದ್ರು. ಪ್ರತಿ ವರ್ಷ ಅವ್ವ ಮಗಳು ಕೂಡಿ ಮಾಡತಿದ್ರು. ನಾ ಆ ಕಡೆ ತಲಿ ಹಾಕಿದಾಂವ ಅಲ್ಲ.

ಎರಿ ಮಣ್ಣು ತಂದು ನಾದಿದೆ. ಎತ್ತು ಮಾಡಿದೆ, ಮುಂಗಾಲು ಮುರೀತು. ಮತ್ತ ಮಾಡಿದೆ, ಈ ಸಲ ನಾಕೂ ಕಾಲು ಮಡಚಿ ಕುಂತಬಿಡ್ತು. ಮಗಳ ಕಣ್ಣಾಗ ನೀರು ತುಂಬಿತ್ತು. ನನಗ ಸಿಟ್ಟು ಬಂತು, ನನ್ನ ಮ್ಯಾಲೇ. ಮರುದಿವಸ ವರ್ಕ್‌ಶಾಪಿನ್ಯಾಗ ಊಟದ ಹೊತ್ತಿನ್ಯಾಗ ಒಂದು ದಪ್ಪ ಕಬ್ಬಿಣದ ಸಳಿ ತುಂಡು ಕಡದು ಹೊಟ್ಟಿ ಮಾಡಿದೆ, ಸಣ್ಣ ಸಳಿ ಕಾಲು, ಕಣ್ಣಿಗೆ ಎರಡು ನಟ್ಟು. ವೆಲ್ಡಿಂಗ್ ಮಾಡಿ ಕರೇ ಬಣ್ಣ ಬಳದೆ. ಎತ್ತು ಅಂದ್ರ ಎತ್ತು. ಹಬ್ಬದ ದಿವಸ ಮುಂಜಾನಿ ಮಗಳು ಖುಷಿಲೆ ಸಾಲಿ ಚೀಲದಾಗ ಹಾಕ್ಕೊಂಡ್ಲು. ಚೀಲದ ಪಟ್ಟಿ ಓಣಿ ತಿರುವಿನ್ಯಾಗ ಹರೀತು, ಆಟೋದವ ಎರಡೂ ಕೈಲೆ ಎತ್ತಿ ಒಳಗ ಇಟ್ಟ.

ಸಂಜಿಮುಂದ ಟೀಚರು ಫೋನ್ ಮಾಡಿದ್ರು. "ಪೂಜಾ ಮುಗಿಸಿ ಎಲ್ಲಾ ಎತ್ತೂ ಬಕೀಟಿನ ನೀರಾಗ ಬಿಟ್ಟಿದ್ವಿ, ಕರಗಿ ಹೋದ್ವು. ನಿಮ್ಮದೊಂದು ಇನ್ನೂ ತಳದಾಗ ನಿಂತೈತಿ ರೀ. ನಮಗ ಬಕೀಟ ಬೇಕಾಗೇತಿ, ಬಂದು ತಗೊಂಡು ಹೋಗ್ರಿ."

ಮಗಳನ್ನ ಕರ್ಕೊಂಡು ಹೋಗಿ ತಂದೆ. ದಾರ್ಯಾಗ ಮಗಳು ಅದನ್ನ ಲಂಗದಿಂದ ಒರಸಿಕೋತ ಬಂದ್ಲು. "ಅವ್ವ ಮಾಡಿದ್ದು ಎಲ್ಲಾ ಕರಗಿ ಹೋದ್ವಲ್ಲಪ್ಪಾ, ಒಂದರ ಇಟ್ಕೋಬೇಕಿತ್ತು," ಅಂದ್ಲು. ಗಾಡಿ ಬದಿಗೆ ನಿಲ್ಲಿಸಿ ಆಕೀಗೆ ಕಬ್ಬಿನ ಹಾಲು ಕುಡಿಸಿದೆ. ಆ ಎತ್ತು ಈಗ ನಮ್ಮ ಬಾಗಿಲಾ ಗಾಳಿಗೆ ಬಡಕೊಳ್ಳಲಾರದಂಗ ಹಿಡದು ನಿಲ್ಲತೈತಿ.

ಹರಕಿ

ಒಂದು ಐತವಾರ ಪಾವು ಕಿಲೋ ಬೆಂಡೀಕಾಯಿ ತಂದಿಟ್ಟು ಹಿತ್ತಲದಾಗ ಅರಿಬಿ ಒಗ್ಯಾಕ ಕುಂತಿದ್ದೆ. ಬೆಂಡೀಕಾಯಿ ಅಡ್ಡ ಕೊಯ್ದು ಬಣ್ಣಕ್ಕ ಅದ್ದಿ ಒತ್ತಿದ್ರ ಹೂವು ಮೂಡತಾವು ಅಂತ ಮಗಳಿಗೆ ಸಾಲ್ಯಾಗ ಕಲಿಸಿದ್ರಂತ. ಮನ್ಯಾಗ ಬಣ್ಣ ಇರಲಿಲ್ಲ. ಈಕಿ ಅವ್ವನ ಕುಂಕುಮದ ಡಬ್ಬಿ ತಗದು, ನೀರು ಹಾಕಿ ಕಲಿಸಿ, ಅಡಗಿಮನಿ ಗ್ವಾಡಿ ತುಂಬ ಕೈ ನಿಲುಕೂ ತನಕ ಹೂವು ಒತ್ತಿದ್ಲು.

ಬಂದು ನೋಡಿದೆ. ಬಾಡಗಿ ಮನಿ ಗ್ವಾಡಿ. ಬೈಯಬೇಕಂತ ಬಾಯಿ ತಗದೆ, ಡಬ್ಬಿ ಕಣ್ಣಿಗೆ ಬಿತ್ತು. "ಯಾಕವಾ, ಅವ್ವನ ಕುಂಕುಮ ಯಾಕ ತಗೊಂಡಿ?"

"ಸುಮ್ಮನ ಇತ್ತಲ್ಲಪ್ಪಾ. ಯಾರೂ ಡಬ್ಬಿ ತಗೀತಿರಲಿಲ್ಲ."

ಖರೇ ಅಂದ್ರ ಆ ಡಬ್ಬಿ ಇದ್ದ ಗ್ವಾಡಿ ಗೂಡಿನ ಕಡೆ ನಾ ನೋಡೂದ ಬಿಟ್ಟಿದ್ದೆ. ಹೆಂಡ್ತಿ ಮುಂಜಾನಿ ಎದ್ದು ಕೈ ಹಾಕತಿದ್ದ ಡಬ್ಬಿ ಅದು. ಅಲ್ಲೇ ಕುಂತು ಸ್ವಲ್ಪ ಹೊತ್ತು ಅತ್ತೆ. ಆಮ್ಯಾಲ ಎದ್ದು, ಆಕೀಗೆ ನಿಲುಕಲಾರದ ಎತ್ತರಕ್ಕ ನಾ ಹೂವು ಒತ್ತಾಕ ಹತ್ತಿದೆ. ಅಷ್ಟರಾಗ ಕಾಕು ಮಜ್ಜಿಗಿ ತಗೊಂಡು ಬಂದ್ರು. ಗ್ವಾಡಿ ತುಂಬ ಕುಂಕುಮ ನೋಡಿ, ಚಪ್ಪಲಿ ಬಿಟ್ಟು, ಕೈ ಮುಗದು ಸಣ್ಣ ದನಿಲೆ ಕೇಳಿದ್ರು, "ಯಾವ ದೇವ್ರ ಹರಕಿ ರೀ ಇದು?"

"ಬೆಂಡೀಕಾಯಿದು ರೀ," ಅಂದೆ.

ಅವರು ನನ್ನ ಕೈಯಾಗಿನ ಬೆಂಡೀಕಾಯಿ ನೋಡಿದ್ರು. "ಮತ್ತ ಮಧ್ಯಾಹ್ನ ಊಟಕ್ಕ?"

"ಅದರದ ಪಲ್ಯ ಮಾಡಾಂವ ಇದ್ದೆ ಕಾಕು. ಈಗ ದೇವ್ರ ಆಗೇತಿ, ಹೆಂಗ ಹೆಚ್ಚಲಿ?"

ತಂತಿ

ದೀಪಾವಳಿ ಹತ್ತರ ಬಂತು. ಅತ್ತಿಯವರು ಫೋನ್ ಮಾಡಿ, "ಐತವಾರ ಬರತೇನಿ, ಕೂಸಿನ ಅರಿಬಿ ಒಗದಿಡ್ರಿ," ಅಂದ್ರು. ಅರಿಬಿ ಅಂದ ಕೂಡಲೇ ನನಗ ತಿಳೀತು, ಒಯ್ಯೂದು ಗಟ್ಟಿ ಮಾಡಿಕೊಂಡ ಬರಾಕತ್ತಾರ ಅಂತ.

ಎಣ್ಣಿಗಾಯಿ ಮಾಡಿ ಹಾಕೂಣು, ಅದನ್ನ ತಿಂದರ ಮನಸು ಬದಲಾದೀತು ಅಂದ್ಕೊಂಡೆ. ಆದ್ರ ನಾ ಮಸಾಲಿ ತುಂಬಿದ ಬದನೀಕಾಯಿ ಪ್ರತಿ ಸಲ ಕುದಿಯೂದ್ರಾಗ ಬಾಯಿ ತಗದು, ಒಳಗಿಂದೆಲ್ಲಾ ಎಣ್ಯಾಗ ತೇಲತಿತ್ತು. ನನ್ನ ಹೆಂಡ್ತಿ ಒಂದೊಂದಕ್ಕ ದಾರ ಸುತ್ತತಿದ್ಲು. ಮನ್ಯಾಗ ದಾರ ಇತ್ತು, ಹೊಲಿಗಿ ಮಷೀನಿನ್ಯಾಗ. ಆಕಿ ಮಗಳ ಫ್ರಾಕು ಹೊಲಿಯಾಕ ಸೂಜಿಗೆ ಪೋಣಿಸಿಟ್ಟದ್ದು ಹಂಗ ಐತಿ. ಅದನ್ನ ಕಡಿಯಾಕ ನನ್ನ ಕೈ ಬರಲಿಲ್ಲ. ವರ್ಕ್‌ಶಾಪಿನಿಂದ ಸಣ್ಣ ತಂತಿ ತಂದು, ತೊಳದು, ಬದನೀಕಾಯಿಗೆ ಸುತ್ತಿ ಇಕ್ಕಳಲೆ ತಿರುವಿದೆ. ಒಂದು ಚೂರು ಮಸಾಲಿ ಹೊರಗ ಬರಲಿಲ್ಲ.

ಅತ್ತಿಯವರು ಹೆಬ್ಬಳ್ಳಿಯಿಂದ ಖಾಲಿ ಚೀಲ ಹಿಡಕೊಂಡು ಬಂದ್ರು. ಬಂದ ಕೂಡಲೇ ಕೂಸಿನ ಮಣಿಕಟ್ಟು ಹಿಡದು ನೋಡಿದ್ರು. ಹುಡುಗಿ ಸೊರಗಿದ್ಲು, ಸುಳ್ಳ ಯಾಕ ಹೇಳಲಿ. ನನ್ನ ಜೀವ ಅಲ್ಲೇ ಅರ್ಧ ಹೋತು.

ಊಟಕ್ಕ ಕುಂತ್ವಿ. ಆ ಹೆದರಿಕ್ಯಾಗ ತಂತಿ ಸುದ್ದಿ ಹೇಳೂದ ಮರತೆ. ಅತ್ತಿಯವರು ಬದನೀಕಾಯಿ ಕಚ್ಚಿದ್ರು, ಕಟಕ್ ಅಂತು. ಬಾಯಾಗ ಬೆರಳು ಹಾಕಿ ಜಗ್ಗಿದ್ರು, ತಂತಿ ಬಂತು. ಇನ್ನೂ ಜಗ್ಗಿದ್ರು, ಇನ್ನೂ ಬಂತು. ಬೆಳಕಿಗೆ ಹಿಡದು ನೋಡಿ, "ಅಳಿಯಾರ, ಬದನೀಕಾಯಿ ಏನ ಕಳವು ಮಾಡಿತ್ತ್ರಿ, ಬೇಡಿ ಹಾಕೀರಿ?" ಅಂದ್ರು.

ನಾ ಹೊಲಿಗಿ ಮಷೀನಿನ ದಾರದ ಸುದ್ದಿ ಹೇಳಿದೆ. ಅವರು ಆ ಕಡೆ ತಿರುಗಿ ಸೂಜಿ ನೋಡಿದ್ರು. ಸೆರಗಿಲೆ ಕಣ್ಣೊರಸಿಕೊಂಡ್ರು. ಆಮ್ಯಾಲ ಮೊಮ್ಮಗಳನ್ನ ಹತ್ತರ ಕರದು, "ಖರೇ ಹೇಳು ನನ್ನ ಬಂಗಾರ, ಅಪ್ಪನ ಅಡಗಿ ಹೆಂಗಿರತೈತಿ?" ಅಂದ್ರು.

ಹುಡುಗಿ ನನ್ನ ಮಾರಿ ನೋಡಿದ್ಲು, ಅವರ ಮಾರಿ ನೋಡಿದ್ಲು. "ಛಲೋ ಇರಂಗಿಲ್ಲ ಆಯಿ."

"ಮತ್ತ ಯಾಕ ತಿಂತಿ?"

"ಒಂದು ದಿವಸ ನಾ ಒಲ್ಲೆ ಅಂದಿದ್ದೆ. ಅಪ್ಪನೂ ತಾಟು ಮುಚ್ಚಿಟ್ಟು ಹಂಗ ಮಲಗಿಬಿಟ್ಟ. ನಾ ತಿಂದ್ರ ಅಪ್ಪ ತಿಂತಾನ. ಅದಕ್ಕ ತಿಂತೇನಿ."

ಇಷ್ಟು ದಿವಸ ಕೂಸಿಗೆ ನಾ ಉಣಿಸಾಕತ್ತೇನಿ ಅಂತ ತಿಳಕೊಂಡಿದ್ದೆ. ತಾಟಿನ್ಯಾಗ ಕಣ್ಣೀರು ಬೀಳಾಕತ್ತಿತ್ತು, ಒರಸಿಕೊಳ್ಳಾಕ ಕೈ ಎಂಜಲಿತ್ತು.

ಅತ್ತಿಯವರು ತಂದ ಖಾಲಿ ಚೀಲ ಮಡಚಿ ತೊಡಿ ಕೆಳಗ ಇಟ್ಕೊಂಡ್ರು. ನಗತಾರೋ ಅಳತಾರೋ ಗೊತ್ತಾಗದಂಗ ಹೇಳಿದ್ರು:

"ನೀವು ಹುಡುಗೀನ ಹೆಂಗ ಸಾಕಾಕತ್ತೀರಿ ಅಂತ ನೋಡಾಕ ಬಂದಿದ್ದೆ ಅಳಿಯಾರ. ಇಲ್ಲಿ ನೋಡಿದ್ರ ಆಕಿನೇ ನಿಮ್ಮನ್ನ ಸಾಕಾಕತ್ತಾಳ. ಈಗ ಆಕಿನ್ನ ಒಯ್ದ್ರ ಬೆನ್ನ ಹಿಂದ ನಿಮ್ಮನ್ನೂ ಒಯ್ಯಬೇಕು. ಕೂಸನ್ನರ ಸಾಕೇನು ರೀ, ನಿಮ್ಮನ್ನ ಸಾಕೂದು ನನ್ನ ಕೈಲೆ ಆಗಂಗಿಲ್ಲ."